ಮೌನಪ್ಪನ ಕಿವಿಯೊಳಗಿನ ಹೆಂಡತಿ

ಆ ದಿನದ ಅನಾಹುತಕ್ಕೆಲ್ಲ ಕಾರಣ ಮೆಣಸಿನಕಾಳಿನಷ್ಟು ಗಾತ್ರದ ಒಂದು ಗುಳಿಗೆ. ನುಂಗುವ ಗುಳಿಗೆಯಲ್ಲ. ನುಂಗುವುದಾಗಿದ್ದರೆ ಹೆಚ್ಚೆಂದರೆ ಹೊಟ್ಟೆ ಕೆಟ್ಟು ಅಷ್ಟಕ್ಕೇ ಮುಗಿಯುತ್ತಿತ್ತು. ಇದನ್ನು ಮೌನಪ್ಪ ಬೆಳಿಗ್ಗೆ ಎಂಟು ಗಂಟೆಗೆ ತನ್ನ ಎಡಗಿವಿಯೊಳಕ್ಕೆ ಹಾಕಿಸಿಕೊಂಡ.

ಹಾಕಿದವನು ಅವನ ಬಾಮೈದ. ನಾಟಕ ಆಡುವವರಿಗೆ ಮೈಕು, ಸ್ಪೀಕರು ಬಾಡಿಗೆಗೆ ಕೊಡುವುದು ಅವನ ಕಸುಬು. ಒಂದು ವೈರು ಎಳೆದರೆ ಬಗೆಹರಿಯದ ಕಷ್ಟ ಲೋಕದಲ್ಲಿ ಯಾವುದೂ ಇಲ್ಲವೆಂದು ಅವನು ಮನಸಾರೆ ನಂಬಿದ್ದ.

"ಮಾತು ಮರೆಯೋ ನಟರಿಗೆ ಇದನ್ನೇ ಕೊಡೋದು, ಭಾವ," ಎಂದು ಅವನು ಸಣ್ಣ ತಂತಿಯ ಸುರುಳಿಯೊಂದನ್ನು ಮೌನಪ್ಪನ ಕೊರಳಿಗೆ ಹಾಕಿ ಅಂಗಿಯ ಗುಂಡಿ ಹಾಕಿದ. "ಫೋನು ಜೇಬಲ್ಲಿ. ಅಕ್ಕ ಮನೇಲಿ ಕೂತು ಫೋನಲ್ಲಿ ಹೇಳಿಕೊಡ್ತಾಳೆ. ಅವಳ ದನಿ ಕರೆಂಟಾಗಿ ಈ ಸುರುಳೀಲಿ ಓಡುತ್ತೆ, ಸುರುಳಿ ಸುತ್ತ ಆಯಸ್ಕಾಂತದ ಶಕ್ತಿ ಏಳುತ್ತೆ, ಕಿವಿಯೊಳಗಿರೋ ಗುಳಿಗೆ ಅದನ್ನ ಹಿಡಿದು ಮತ್ತೆ ದನಿ ಮಾಡುತ್ತೆ. ಅಷ್ಟೇ."

ಮೌನಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಪಕ್ಕದಲ್ಲಿ ನಿಂತೋರಿಗೆ ಕೇಳಿಸುತ್ತಾ?"

"ಎರಡು ಮೊಳ ದಾಟಿದ್ರೆ ಅದರ ಜೀವ ಹೋಗುತ್ತೆ. ಎರಡು ಮೊಳದ ಒಳಗಿದ್ರೂ ಅವರ ಕಿವೀಲಿ ಇಂಥದ್ದೇ ಒಂದು ಸುರುಳಿ ಇರಬೇಕು. ಯಾರಿಗಿರುತ್ತೆ ಹೇಳಿ?"

ಎಚ್ಚರಿಕೆ ಹೇಳಿದ್ದು ಒಂದೇ. ತಲೆ ನೇರವಾಗಿರಬೇಕು, ಕತ್ತು ಓರೆಯಾದರೆ ಗುಳಿಗೆಗೂ ಸುರುಳಿಗೂ ಹೊಂದಾಣಿಕೆ ತಪ್ಪಿ ದನಿ ಮಾಯವಾಗುತ್ತದೆ. ಇನ್ನು ಗುಳಿಗೆಯನ್ನು ಹೊರತೆಗೆಯಲು ತುದಿಯಲ್ಲಿ ಆಯಸ್ಕಾಂತವಿರುವ ಒಂದು ಕಡ್ಡಿ ಬೇಕು, ಅದು ಅಂಗಡಿಯಲ್ಲಿದೆ, ಸಂಜೆ ತರುತ್ತೇನೆ ಎಂದು ಹೇಳಿ ಬಾಮೈದ ಹೊರಟುಹೋದ.

ಮೌನಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಬೀಗಗಳ ಸಂಗ್ರಹಾಲಯದ ಬಾಗಿಲಲ್ಲಿ ಹನ್ನೊಂದು ವರ್ಷ ಸ್ಟೂಲಿನ ಮೇಲೆ ಕೂತು ಬಾಯಿ ಬಿಡದೆ ಕಾವಲು ಕಾದದ್ದಕ್ಕೆ ಜೊತೆಯವರು ದಯಪಾಲಿಸಿದ್ದು. ಅಲ್ಲಿದ್ದ ನಾನೂರ ಹನ್ನೆರಡು ಬೀಗಗಳನ್ನೂ ಅವನು ವಾರಕ್ಕೊಮ್ಮೆ ಒರೆಸುತ್ತಿದ್ದ. ಕಣ್ಣು ಮುಚ್ಚಿ ಮುಟ್ಟಿದರೂ ಯಾವ ಬೀಗವೆಂದು ಅವನಿಗೆ ಗೊತ್ತಾಗುತ್ತಿತ್ತು, ಆದರೆ ಗೊತ್ತಿರುವುದನ್ನು ಹೇಳುವುದು ಮಾತ್ರ ಆಗುತ್ತಿರಲಿಲ್ಲ. ಎದುರಿಗೆ ಮೂರು ಜನ ನಿಂತರೆ ಸಾಕು, ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

ಹೀಗೇ ಅಂಟಿಕೊಂಡಿದ್ದರೂ ಬದುಕು ನಡೆದುಹೋಗುತ್ತಿತ್ತೇನೋ. ಆದರೆ ಹೋದ ತಿಂಗಳು, ಬಂದವರಿಗೆಲ್ಲ ಬೀಗಗಳ ವಿವರ ಹೇಳುತ್ತಿದ್ದ ಗೈಡು ಮಂಡಿನೋವೆಂದು ಕೆಲಸ ಬಿಟ್ಟ. ಅದೇ ವಾರ ಕಾರ್ಯದರ್ಶಿಗಳು ಗೋಡೆಗೆ ಒಂದು ಚೀಟಿ ಅಂಟಿಸಿದರು. ಬರುವ ತಿಂಗಳಿಂದ ಮೂಲೆಮೂಲೆಗೂ ಕ್ಯಾಮೆರಾ ಬರುವುದರಿಂದ ಕಾವಲಿನವನ ಸ್ಟೂಲು ತೆಗೆಯಲಾಗುವುದು. ಗೈಡಿನ ಕೆಲಸ ಬೇಕಾದವರು ಯಜಮಾನಿಯವರಿಗೆ ಬೀಗಗಳನ್ನು ತೋರಿಸಿ ಮೆಚ್ಚಿಸಬೇಕು. ಒಟ್ಟಿನಲ್ಲಿ ಮೌನಪ್ಪನ ನಾಲಿಗೆ ಹೊರಳಬೇಕು, ಇಲ್ಲವೇ ಅವನು ಮನೆಯ ದಾರಿ ಹಿಡಿಯಬೇಕು.

ಯಜಮಾನಿ ಎಂದರೆ ಆ ಬೀಗಗಳನ್ನು ಕೂಡಿಹಾಕಿದ ಪುಣ್ಯಾತ್ಮರ ಒಬ್ಬಳೇ ಮಗಳು. ಎಪ್ಪತ್ತೆಂಟು ವರ್ಷ, ಎರಡು ಕಿವಿಯ ಹಿಂದೆಯೂ ಮಷೀನು. ಮಷೀನು ಇದ್ದರೂ ಆ ಎತ್ತರದ ಕಲ್ಲು ಕಟ್ಟಡದಲ್ಲಿ ಅವರಿಗೆ ಯಾರ ಮಾತೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎಲ್ಲರೂ ಅವರ ಮುಂದೆ ಗಂಟಲು ಹರಿದುಕೊಳ್ಳುತ್ತಿದ್ದರು, ಅವರು ಹುಬ್ಬು ಗಂಟಿಕ್ಕಿಕೊಂಡು ಹೋಗಿಬಿಡುತ್ತಿದ್ದರು.

ಹಳೆಯ ಗೈಡಿನ ಪುಸ್ತಕವನ್ನು ಮೌನಪ್ಪ ಒಂದು ತಿಂಗಳು ದಿನಾ ಸಂಜೆ ಅಡುಗೆಮನೆಯಲ್ಲಿ ಕೂತು ಜೋರಾಗಿ ಓದಿದ. ಅದರಲ್ಲಿ ಮುಖ್ಯವಾದ ಅರವತ್ತು ಬೀಗಗಳ ಕತೆ ಇತ್ತು. ತಿಂಗಳ ಕೊನೆಗೆ ಅವನಿಗೆ ಬಾಯಿಪಾಠ ಬಂದದ್ದು ನಾಲ್ಕು. ತರಕಾರಿ ಹೆಚ್ಚುತ್ತ ಕೇಳಿಸಿಕೊಂಡ ಹೆಂಡತಿಗೆ ಅರವತ್ತೂ ಬಂದಿದ್ದವು, ಜೊತೆಗೆ ಪ್ರತಿ ಬೀಗದ ಮೇಲೂ ಅವಳದೇ ಒಂದು ಅಭಿಪ್ರಾಯ ಹುಟ್ಟಿಕೊಂಡಿತ್ತು. ನನಗೂ ಒಂದು ದಿನ ತೋರಿಸಿ ಎಂದು ಅವಳು ಕೇಳುತ್ತಲೇ ಇದ್ದಳು. ಬೀಗದಲ್ಲಿ ನೋಡುವುದಕ್ಕೆ ಏನಿದೆ ಎಂದು ಅವನು ಹನ್ನೊಂದು ವರ್ಷದಿಂದ ಮುಂದೂಡುತ್ತಲೇ ಬಂದಿದ್ದ.

ಹೀಗೆ ಹೆಂಡತಿಯನ್ನು ಮನೆಯಲ್ಲೇ ಬಿಟ್ಟು, ಕಿವಿಯಲ್ಲಿಟ್ಟುಕೊಂಡು, ಮೌನಪ್ಪ ಕೆಲಸಕ್ಕೆ ಬಂದ.

ತಲೆ ಅಲುಗಾಡಿಸದೆ ತುಂಬಿದ ಕೊಡ ಹೊತ್ತವನಂತೆ ಬರುತ್ತಿದ್ದವನನ್ನು ಮೊದಲು ನೋಡಿದ್ದು ಟಿಕೆಟ್ ಕಿಟಕಿಯಾಕೆ. ಪರರ ಕಾಯಿಲೆ ಕಂಡರೆ ಆಕೆಗೆ ಎಲ್ಲಿಲ್ಲದ ಹುರುಪು. ಕತ್ತು ಉಳುಕಿದೆಯೆಂದು ತಾನೇ ತೀರ್ಮಾನ ಮಾಡಿ, ಮುಲಾಮಿನ ಡಬ್ಬಿ ಹಿಡಿದು ಹೊರಗೆ ಬಂದು, "ಅಲ್ಲಾಡಬೇಡಿ ಅಣ್ಣ, ಒಂದೇ ನಿಮಿಷ," ಎಂದು ಅಂಗಿಯ ಕಾಲರಿಗೇ ಕೈ ಹಾಕಿದಳು. ಬೆರಳು ಇನ್ನೊಂದು ಅಂಗುಲ ಒಳಗೆ ಹೋಗಿದ್ದರೆ ಸುರುಳಿ ಕೈಗೆ ಬರುತ್ತಿತ್ತು. ಮೌನಪ್ಪ ಕಾಲರು ಬಿಡಿಸಿಕೊಂಡು ಬಚ್ಚಲುಮನೆಗೆ ಓಡಿ ಚಿಲಕ ಹಾಕಿಕೊಂಡ.

"ರೀ, ಯಾರದು?" ಎಂದಿತು ಕಿವಿ. "ನಿಮ್ಮ ಕತ್ತು ತಿಕ್ಕೋಕೆ ಬಂದೋಳು ಯಾರು?"

ತಾನು ಹೆಂಡತಿಯ ಮಾತು ಕೇಳುವುದಷ್ಟೇ ಅಲ್ಲ, ಜೇಬಿನ ಫೋನಿನಿಂದ ಅವಳೂ ಇಲ್ಲಿಯದನ್ನೆಲ್ಲ ಕೇಳುತ್ತಾಳೆ ಎಂಬುದು ಅವನಿಗೆ ಆಗಲೇ ಹೊಳೆದದ್ದು. ಆಮೇಲೆ ಹೇಳುತ್ತೇನೆ ಎಂದು ಜೇಬಿಗೆ ಪಿಸುಗುಟ್ಟಿ ಹೊರಗೆ ಬಂದ.

ಹನ್ನೊಂದು ಗಂಟೆಗೆ ಯಜಮಾನಿ ಬಂದರು. ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನೋಟ್‌ಬುಕ್ಕು ಹಿಡಿದ ಕಾರ್ಯದರ್ಶಿ. ಯಜಮಾನಿಗೆ ನಡೆಯುವುದು ಕಷ್ಟವಾದ್ದರಿಂದ ಅವರು ನೇರವಾಗಿ ಬಂದು ಮೌನಪ್ಪನ ಎಡತೋಳನ್ನು ಹಿಡಿದುಕೊಂಡರು. ಮೊದಲ ಕೋಣೆಯ ಬಾಗಿಲಲ್ಲಿ ಕಿವಿಯ ಚಿತ್ರವಿರುವ ಒಂದು ನೀಲಿ ಫಲಕವಿತ್ತು. ಎರಡು ವರ್ಷದ ಕೆಳಗೆ ಯಜಮಾನಿಯೇ ನಿಂತು ಅದನ್ನು ಹಾಕಿಸಿ, ಕೋಣೆಗಳ ನೆಲಹಾಸಿನ ಅಂಚಿಗೆ ಸುತ್ತಲೂ ಏನೋ ತಂತಿ ಎಳೆಸಿದ್ದರು. ಆ ಚಿತ್ರವೇನೆಂದು ಯಾರಾದರೂ ಕೇಳಿದರೆ ಮೌನಪ್ಪ ಗದ್ದಲ ಮಾಡಬಾರದು ಎಂಬಂತೆ ತುಟಿಯ ಮೇಲೆ ಬೆರಳಿಡುತ್ತಿದ್ದ. ಫಲಕದ ಕೆಳಗೆ ಬಂದಾಗ ಯಜಮಾನಿ ತಮ್ಮ ಕಿವಿಗಳ ಹಿಂದೆ ಬೆರಳಾಡಿಸಿಕೊಂಡರು. ಕೂದಲು ಸರಿಮಾಡಿಕೊಂಡರೆಂದು ಮೌನಪ್ಪ ತಿಳಿದ.

"ಇದು ಒಂದನೇ ಬೀಗ," ಎಂದ. ಅದು ಹೆಂಡತಿಗೆ ಸನ್ನೆ.

"ಪೂರ್ತಿ ಮರದ್ದು, ಒಂದು ಮೊಳೆ ಕೂಡ ಇಲ್ಲ," ಎಂದಿತು ಕಿವಿ. "ಕೀಲೀನೂ ಮರದ್ದೇ, ಸೌಟಿನಷ್ಟು ಉದ್ದ."

ಅವನು ಅದನ್ನೇ ಒಪ್ಪಿಸಿದ. ಯಜಮಾನಿ ತಲೆಯಾಡಿಸಿದರು. ಆದರೆ ವಿಚಿತ್ರವೆಂದರೆ, ಅವನು ಬಾಯಿ ತೆರೆಯುವ ಮೊದಲೇ ಅವರು ತಲೆಯಾಡಿಸಿ ಮುಗಿಸಿದ್ದರು. ಎರಡನೆಯದಕ್ಕೂ ಹಾಗೇ, ಮೂರನೆಯದಕ್ಕೂ ಹಾಗೇ. ದೊಡ್ಡವರು, ಎಲ್ಲ ಗೊತ್ತಿರುತ್ತದೆ ಎಂದು ಅವನು ಸಮಾಧಾನ ಮಾಡಿಕೊಂಡ.

ಏಳನೆಯದು ಹದಿನಾಲ್ಕು ಕಿಲೋ ತೂಗುವ ಉಕ್ಕಿನ ಬೀಗ. ಹೆಂಡತಿ ತೂಕ, ಕಾಲ, ಕಮ್ಮಾರನ ಊರು ಎಲ್ಲ ಹೇಳಿಕೊಟ್ಟು, ಕೊನೆಗೆ, "ಇಷ್ಟು ದೊಡ್ಡ ಬೀಗ ಹಾಕಿದೋನ ಮನೇಲಿ ಕದಿಯೋಕೆ ಏನೂ ಇರಲಿಲ್ಲ ಅಂತ ನನ್ನ ಲೆಕ್ಕ. ಇದನ್ನ ನೀವು ಹೇಳಬೇಡಿ ಮತ್ತೆ," ಎಂದಳು.

ಅವನು ಹೇಳಲಿಲ್ಲ. ಆದರೂ ಯಜಮಾನಿ ಗಟ್ಟಿಯಾಗಿ ನಕ್ಕರು.

ಅವರು ನಕ್ಕದ್ದನ್ನು ಆ ಕಟ್ಟಡದಲ್ಲಿ ಯಾರೂ ಯಾವತ್ತೂ ಕಂಡಿರಲಿಲ್ಲ. ಹದಿನಾಲ್ಕು ಕಿಲೋ ಎಂಬುದರಲ್ಲಿ ನಗುವಂಥದ್ದು ಏನಿದೆಯೆಂದು ಕಾರ್ಯದರ್ಶಿ ಬೀಗದ ಹತ್ತಿರ ಬಗ್ಗಿ ನೋಡಿದರು, ಏನೂ ಕಾಣದೆ ತಾವೂ ಒಂದು ನಗೆ ನಕ್ಕರು.

ಹತ್ತೊಂಬತ್ತನೆಯದು ಎರಡು ಕೀಲಿ ಬೀಳುವ ಪೆಟ್ಟಿಗೆ ಬೀಗ. ಇದಕ್ಕೆ ಎರಡು ಕೀಲಿ ಏಕೆ ಎಂದು ಯಜಮಾನಿ ಕೇಳಿದರು. ಪುಸ್ತಕದಲ್ಲಿ ಅದಿರಲಿಲ್ಲ. ಹೆಂಡತಿ ತಡಮಾಡದೆ, ಅಣ್ಣತಮ್ಮಂದಿರ ಮನೆಯದು ಇರಬೇಕು, ಒಬ್ಬರನ್ನು ಒಬ್ಬರು ನಂಬದವರು ಪೆಟ್ಟಿಗೆ ತೆಗೆಯುವಾಗಲಾದರೂ ಅಕ್ಕಪಕ್ಕ ನಿಲ್ಲಲಿ ಎಂದು ಅವರ ಅಮ್ಮ ಮಾಡಿಸಿದ್ದಾಳೆ ಎಂದಳು. ಇದನ್ನು ಒಪ್ಪಿಸಲು ಮೌನಪ್ಪನಿಗೆ ಧೈರ್ಯ ಬರಲಿಲ್ಲ. "ಎರಡು ತೂತಿದೆ, ಅದಕ್ಕೆ," ಎಂದ. ಯಜಮಾನಿ ಮಾತ್ರ ಆ ಬೀಗದ ಮುಂದೆ ಬಹಳ ಹೊತ್ತು ನಿಂತು, ನಿಜ ನಿಜ ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

ಇಪ್ಪತ್ಮೂರನೆಯದರ ಹತ್ತಿರ ಮನೆಯಲ್ಲಿ ಕುಕ್ಕರು ಸೀಟಿ ಹೊಡೆಯಿತು. ಮೌನಪ್ಪ ಒಂದಡಿ ಮೇಲಕ್ಕೆ ಹಾರಿದ. ಅದೇ ಕ್ಷಣಕ್ಕೆ ಯಜಮಾನಿಯೂ ಬೆಚ್ಚಿಬಿದ್ದು ಅವನ ತೋಳನ್ನು ಗಟ್ಟಿಯಾಗಿ ಹಿಡಿದರು. ತನ್ನ ಹಾರಾಟಕ್ಕೆ ಅವರು ಹೆದರಿದರೆಂದು ಅವನು ಎರಡೆರಡು ಸಲ ಕ್ಷಮೆ ಕೇಳಿದ. ಅವರು ತಿರುಗಿಯೂ ನೋಡಲಿಲ್ಲ. ಹಿಂದಿನಿಂದ ಕಾರ್ಯದರ್ಶಿಯ ಪೆನ್ನಿನ ಸದ್ದು ಕೇಳಿಸಿತು. ಗಾಬರಿ ಸ್ವಭಾವ ಎಂದೇನೋ ಬರೆದುಕೊಳ್ಳುತ್ತಿದ್ದರು.

ಮೂವತ್ತೊಂದನೆಯ ಬೀಗ ಇದ್ದದ್ದು ಕಟ್ಟಡದ ಕರೆಂಟಿನ ದೊಡ್ಡ ಬೋರ್ಡಿನ ಪಕ್ಕ. ಅಲ್ಲಿಗೆ ಹೋದದ್ದೇ ತಡ, ಕಿವಿಯಲ್ಲಿ ಗುಂಯ್ ಎಂದು ದುಂಬಿ ಹೊಕ್ಕಂತಾಗಿ ಹೆಂಡತಿಯ ದನಿ ಮುಳುಗಿಹೋಯಿತು. ಮೌನಪ್ಪ ಲೋಕದಲ್ಲಿ ಒಂಟಿಯಾದ. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ಇದು," ಎಂದ. ಎಷ್ಟೋ ಹೊತ್ತಾದ ಮೇಲೆ, "ಬೀಗ," ಎಂದ.

ಯಜಮಾನಿ ಮುಖ ಸಿಂಡರಿಸಿ ಕಿವಿ ಮುಚ್ಚಿಕೊಂಡರು. ತನ್ನ ಕತೆ ಮುಗಿಯಿತೆಂದು ಮೌನಪ್ಪನಿಗೆ ಖಾತ್ರಿಯಾಯಿತು. ಅವರು ಅವನನ್ನು ಎಳೆದುಕೊಂಡೇ ಮುಂದಿನ ಬೀಗಕ್ಕೆ ಹೋದರು.

ಬೋರ್ಡಿನಿಂದ ದೂರವಾದಂತೆ ಹೆಂಡತಿಯ ದನಿ ಮರಳಿತು. ಆದರೆ ಅವಳೊಬ್ಬಳೇ ಇರಲಿಲ್ಲ. ಪಕ್ಕದ ಮನೆಯಾಕೆ ಪಾತ್ರೆ ಹಿಂದಿರುಗಿಸಲು ಬಂದವಳು, ಫೋನು ಹಿಡಿದುಕೊಂಡು ಏನು ಮಾಡುತ್ತಿದ್ದೀ ಎಂದು ವಿಚಾರಿಸುತ್ತಿದ್ದಳು. ಹೆಂಡತಿಗೆ ಗುಟ್ಟು ಎಂಬುದು ಬಾಯಲ್ಲಿಟ್ಟ ಬಿಸಿ ತುತ್ತು.

"ನಮ್ಮ ಮನೆಯವರಿಗೆ ಹೇಳಿಕೊಡ್ತಿದ್ದೀನಿ ಕಣೇ. ಇವತ್ತು ಅವರ ಕೆಲಸದ ಪರೀಕ್ಷೆ. ಕೆಲಸ ಸಿಗುತ್ತೋ ಇಲ್ವೋ ಕಾಣೆ. ಆ ಕಾರ್ಯದರ್ಶಿ ತನ್ನ ಅಕ್ಕನ ಮಗನನ್ನ ತಂದು ಕೂರಿಸಬೇಕು ಅಂತಿದ್ದಾನೆ."

ಮೌನಪ್ಪನ ಕಾಲ ಕೆಳಗಿನ ನೆಲ ಕುಸಿದಂತಾಯಿತು. ಅದನ್ನು ಅವನೇ ಮನೆಯಲ್ಲಿ ಹೇಳಿದ್ದ, ಯಾರಿಗೂ ಹೇಳಬೇಡ ಎಂದೂ ಹೇಳಿದ್ದ. ದನಿ ಅಡಗಿಸಲೆಂದು ಜೇಬಿಗೆ ಕೈ ಹಾಕಿ ಫೋನಿನ ಪಕ್ಕದ ಗುಂಡಿ ಒತ್ತಿದ. ಆ ಗುಂಡಿ ದನಿ ಏರಿಸುವುದು. ಗಾಬರಿಯಲ್ಲಿ ಮತ್ತೆ ಮತ್ತೆ ಒತ್ತಿದ.

"ಹಿಂದಿನ ಕೋಣೆ ಸೂರು ಸೋರ್ತಿದೆ," ಎಂದು ಹೆಂಡತಿ ಈಗ ಅವನ ತಲೆಬುರುಡೆಯೊಳಗೆ ಕೂಗುತ್ತಿದ್ದಳು. "ಎರಡು ಮಳೆಗಾಲದಿಂದ. ನಲವತ್ತು ಬೀಗ ಅಲ್ಲಿ ನೀರಲ್ಲಿ ಬಿದ್ದಿದ್ವು. ಕಾರ್ಯದರ್ಶಿಗೆ ಹೇಳಿದ್ರೆ ಬಾಗಿಲಿಗೆ ಬೀಗ ಜಡಿದುಬಿಟ್ಟ, ಯಜಮಾನಿ ಕಣ್ಣಿಗೆ ಬೀಳದ ಹಾಗೆ. ಇವರು ಇದ್ದಾರಲ್ಲ, ಬಾಯಿ ಇದ್ದೂ ಮೂಗ. ಯಾರಿಗೂ ಹೇಳೋ ಧೈರ್ಯ ಇಲ್ಲ. ನಮ್ಮ ಮನೆ ಎಣ್ಣೆ ತಗೊಂಡು ಹೋಗಿ ದಿನಾ ಮಧ್ಯಾಹ್ನ ಒಂದೊಂದನ್ನೇ ಒರೆಸಿ ಇಟ್ಟು ಬರ್ತಾರೆ. ಊಟದ ಹೊತ್ತು ಅದರಲ್ಲೇ ಹೋಗುತ್ತೆ. ತೊಟ್ಟಿಲ ಮಗೂನ ನೋಡ್ಕೊಂಡ ಹಾಗೆ ನೋಡ್ಕೋತಾರೆ ಕಣೇ, ಹೇಳ್ಕೊಳ್ಳೋಕೆ ಮಾತ್ರ ಬರಲ್ಲ."

ಯಜಮಾನಿ ನಿಂತುಬಿಟ್ಟರು.

"ಹಿಂದಿನ ಕೋಣೆ ತೆಗೀರಿ," ಎಂದರು.

ಕಾರ್ಯದರ್ಶಿಯ ಕೈಯಿಂದ ಪೆನ್ನು ಜಾರಿತು. ಆ ಕೋಣೆಯ ಕೀಲಿ ಕಳೆದುಹೋಗಿದೆಯೆಂದು ಅವರು ಗಂಟಲು ಹರಿದುಕೊಂಡು ಕೂಗಿದರು, ಕೈಯಲ್ಲಿ ಸನ್ನೆ ಮಾಡಿಯೂ ತೋರಿಸಿದರು. ಯಜಮಾನಿ ಅವರ ಕಡೆ ನೋಡಲೇ ಇಲ್ಲ. ಮೌನಪ್ಪನ ಮುಂದೆ ಅಂಗೈ ಚಾಚಿದರು. ಇವರಿಗೆ ಇದು ಹೇಗೆ ತಿಳಿಯಿತೆಂದು ಬೆರಗಾಗಿ, ಭಯವಾಗಿ, ಅವನು ಪ್ಯಾಂಟಿನ ಜೇಬಿನಿಂದ ಕಾವಲಿನವನ ಪಾಲಿನ ಇನ್ನೊಂದು ಕೀಲಿ ತೆಗೆದು ಆ ಅಂಗೈಯಲ್ಲಿಟ್ಟ. ಹನ್ನೊಂದು ವರ್ಷದ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡೆ ಅನ್ನಿಸಿ ಅವನಿಗೆ ಅಳು ಬಂತು.

ಹಿಂದಿನ ಕೋಣೆಯಲ್ಲಿ ಸೂರಿನ ಕೆಳಗೆ ಮೂರು ಬಕೆಟ್ಟುಗಳಿದ್ದವು. ಒಣಗಿದ ಮೂಲೆಯಲ್ಲಿ ಗೋಣಿಚೀಲದ ಮೇಲೆ ನಲವತ್ತು ಬೀಗಗಳು ಸಾಲಾಗಿ ಮಲಗಿದ್ದವು. ಒಂದರ ಮೇಲೂ ತುಕ್ಕಿನ ಚುಕ್ಕೆಯಿರಲಿಲ್ಲ. ಯಜಮಾನಿ ಕುಂಟುತ್ತ ಹೋಗಿ ಒಂದನ್ನು ಎತ್ತಿಕೊಂಡರು. ಅದು ಬೆಲೆಬಾಳುವ ಬೀಗವೇನಲ್ಲ, ಮಕ್ಕಳ ಪೆಟ್ಟಿಗೆಗೆ ಹಾಕುವಂಥ ಪುಟ್ಟ ಹಿತ್ತಾಳೆಯ ಬೀಗ. ಅವರ ತಂದೆ ಮೊದಲು ಕೊಂಡದ್ದು ಅದೇ, ಅವರ ಪೆನ್ಸಿಲು ಡಬ್ಬಿಗೆಂದು. ಅವರು ಅದನ್ನು ಕೆನ್ನೆಗೆ ಒತ್ತಿಕೊಂಡರು. ನೋಡುತ್ತಿದ್ದ ಮೌನಪ್ಪನಿಗೆ ತನ್ನ ಭಯವೂ ಮರೆತುಹೋಯಿತು.

ಆಮೇಲೆ ಅವರು ಕಾರ್ಯದರ್ಶಿಗೆ ಹೇಳಿದ್ದು ಎರಡೇ ಮಾತು: ಇವತ್ತೇ ಸೂರು ಸರಿಯಾಗಬೇಕು, ನಿಮ್ಮ ಅಕ್ಕನ ಮಗ ಬೇರೆ ಕಡೆ ಕೆಲಸ ಹುಡುಕಿಕೊಳ್ಳಲಿ. ಕಾರ್ಯದರ್ಶಿ ಬಾಯಿ ತೆರೆದುಕೊಂಡೇ ಹೊರಗೆ ಹೋದರು. ಯಜಮಾನಿ ಬಾಗಿಲ ಬಳಿಯ ಸ್ಟೂಲಿನ ಮೇಲೆ, ಮೌನಪ್ಪನದೇ ಸ್ಟೂಲಿನ ಮೇಲೆ, ಕೂತು ಕಿವಿಗಳ ಹಿಂದೆ ಮತ್ತೆ ಬೆರಳಾಡಿಸಿದರು.

"ಗೈಡು ಸಿಕ್ಕಿದ ಹಾಗಾಯ್ತು," ಎಂದರು.

ಮೌನಪ್ಪನ ಎದೆ ಅರಳಿತು. ಬಗ್ಗಿ ಕೈ ಮುಗಿಯೋಣವೆಂದುಕೊಂಡ, ತಲೆ ನೇರವಾಗಿರಬೇಕೆಂಬುದು ನೆನಪಾಗಿ ನಿಂತಲ್ಲೇ ಮುಗಿದ.

"ನಾಳೆ ನಿನ್ನ ಹೆಂಡತೀನ ಕರ್ಕೊಂಡು ಬಾ," ಎಂದರು ಯಜಮಾನಿ. "ಒಂದನೇ ತಾರೀಕಿಂದ ಅವಳೇ ಗೈಡು."

ಮೌನಪ್ಪ ಮುಗಿದ ಕೈಯನ್ನು ಹಾಗೇ ಹಿಡಿದುಕೊಂಡು ನಿಂತ. ತಾನು ಕೇಳಿದ್ದು ಗುಳಿಗೆಯಿಂದಲೋ ಹೊರಗಿನ ಕಿವಿಯಿಂದಲೋ ಎಂದು ಒಂದು ಗಳಿಗೆ ಅವನಿಗೆ ತಿಳಿಯಲಿಲ್ಲ. ಯಜಮಾನಿ ಬಾಗಿಲ ಮೇಲಿನ ನೀಲಿ ಫಲಕವನ್ನು ತೋರಿಸಿ ನಿಧಾನವಾಗಿ ವಿವರಿಸಿದರು. ಅವರ ಕಿವಿಯ ಮಷೀನಿನೊಳಗೂ ಒಂದು ಪುಟ್ಟ ಸುರುಳಿ ಇದೆ. ಗುಂಡಿ ಒತ್ತಿದರೆ ಮಷೀನು ಕೋಣೆಯ ಸದ್ದನ್ನು ಬಿಟ್ಟು ಸುರುಳಿಗೆ ಬರುವ ದನಿಯನ್ನಷ್ಟೇ ಕೇಳಿಸುತ್ತದೆ. ಗೈಡು ಮೈಕಿನಲ್ಲಿ ಹೇಳುವುದು ನೆಲದ ತಂತಿಯ ಮೂಲಕ ಸೀದಾ ಕಿವಿಗೆ ಬರಲಿ ಎಂದೇ ಅವರು ಅದನ್ನು ಹಾಕಿಸಿದ್ದು. ಕಾರ್ಯದರ್ಶಿ ಮೈಕನ್ನು ಬೀರುವಿನಲ್ಲಿಟ್ಟು ಮರೆತುಬಿಟ್ಟಿದ್ದರು. ಯಜಮಾನಿ ಮಾತ್ರ ಬಂದಾಗಲೆಲ್ಲ ಇವತ್ತಾದರೂ ಕೇಳೀತೇನೋ ಎಂಬ ಆಸೆಯಿಂದ ಗುಂಡಿ ಒತ್ತುತ್ತಿದ್ದರು.

"ಎರಡು ವರ್ಷದಿಂದ ಈ ಕೋಣೇಲಿ ನನಗೆ ಒಂದಕ್ಷರ ಕೇಳಿಸಿರಲಿಲ್ಲ. ಇವತ್ತು ನಿನ್ನ ತೋಳು ಹಿಡಿದೆ ನೋಡು, ಯಾರೋ ಹೆಣ್ಣುಮಗಳು ನಮ್ಮಪ್ಪನ ಬೀಗಗಳ ಕತೆ ಹೇಳ್ತಿದ್ದಾಳೆ. ಮೊದಲು ಹೆದರಿದೆ. ಆಮೇಲೆ ನಿನ್ನ ತೋಳು ಬಿಡೋಕೇ ಮನಸ್ಸಾಗಲಿಲ್ಲ."

ಮೌನಪ್ಪ ಬಹಳ ಕಷ್ಟದಿಂದ, "ನಾನು ಹೇಳಿದ್ದು, ಅಮ್ಮಾವ್ರೇ?" ಎಂದ.

"ನೀನು ಹೇಳಿದ್ದು ಏನೂ ಕೇಳಿಸಲಿಲ್ಲಪ್ಪ. ಬಾಯಿ ಆಡಿಸ್ತಿದ್ದದ್ದು ಕಾಣಿಸ್ತಿತ್ತು," ಎಂದರು ಅವರು, ಬಹಳ ಅಕ್ಕರೆಯಿಂದ. "ನೀನೇನೂ ಯೋಚನೆ ಮಾಡಬೇಡ. ಸ್ಟೂಲು ಹೋದ್ರೂ ನೀನು ಹೋಗಲ್ಲ. ಬೀಗ ಒರೆಸೋಕೆ ನಿನ್ನಂಥೋನು ಸಿಗಲ್ಲ. ಯಾವುದನ್ನ ಯಾವಾಗ ಒರೆಸಬೇಕು ಅಂತ ನಿನ್ನ ಹೆಂಡತಿ ಹೇಳ್ತಾಳೆ."

ಅವರು ಟಿಕೆಟ್ ಕಿಟಕಿಯ ಮುಂದೆ ಹಾದು ಕಾರು ಹತ್ತಿ ಹೋದರು. ಮೌನಪ್ಪ ಮೆಟ್ಟಿಲ ಮೇಲೆ ನಿಂತ. ಹನ್ನೊಂದು ವರ್ಷ ಅವನು ಆ ಸ್ಟೂಲಿನ ಮೇಲೆ ಸುಮ್ಮನೆ ಕೂರಲು ಆಗುತ್ತಿದ್ದುದಕ್ಕೆ ಒಂದೇ ಕಾರಣವಿತ್ತು. ಅಲ್ಲಿಗೆ ಮನೆಯ ಮಾತು ತಲುಪುತ್ತಿರಲಿಲ್ಲ. ಒಂದನೇ ತಾರೀಕಿನಿಂದ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರ ತನಕ ಆ ಮಾತು ಎರಡು ಮೊಳದ ಒಳಗೇ ಇರುತ್ತದೆ.

"ಎಲ್ಲಾ ಕೇಳಿಸ್ಕೊಂಡೆ ಕಣ್ರೀ," ಎಂದಿತು ಕಿವಿ, ಏರಿಸಿದ ದನಿಯಲ್ಲೇ. ಪಕ್ಕದ ಮನೆಯಾಕೆ ಹಿಂದಿನಿಂದ ಚಪ್ಪಾಳೆ ತಟ್ಟುತ್ತಿದ್ದಳು. ತಮ್ಮ ಈಗ ತಾನೇ ಬಂದು ಹೋದನೆಂದೂ, ಆ ಆಯಸ್ಕಾಂತದ ಕಡ್ಡಿ ಎಲ್ಲೋ ಕಳೆದುಹೋಗಿ ಹೊಸದು ತರಿಸಲು ಒಂದು ವಾರ ಬೇಕೆಂದೂ, ಅಲ್ಲಿಯವರೆಗೆ ಗುಳಿಗೆ ಇದ್ದಲ್ಲೇ ಇರಲಿ ಎಂದನೆಂದೂ ಅವಳು ಒಂದೇ ಉಸಿರಿಗೆ ಹೇಳಿದಳು. ಅನಂತರ ದನಿ ಸ್ವಲ್ಪ ಬದಲಾಯಿತು.

"ಅದಿರಲಿ. ಬೆಳಿಗ್ಗೆ ನಿಮ್ಮ ಕತ್ತು ತಿಕ್ಕೋಕೆ ಬಂದೋಳು ಯಾರು ಅಂತ ಇನ್ನೂ ಹೇಳಲಿಲ್ಲ ನೀವು."

ಮೌನಪ್ಪನಿಗೆ ಬಾಮೈದ ಹೇಳಿದ ಎಚ್ಚರಿಕೆ ನೆನಪಾಯಿತು. ಆ ದಿನ ಅವನಿಗೆ ಹೊಳೆದ ಒಂದೇ ಒಂದು ಒಳ್ಳೆಯ ಉಪಾಯ ಅದು. ಎಡಗಿವಿ ಹೆಗಲಿಗೆ ತಾಗುವಷ್ಟು ಕತ್ತನ್ನು ಓರೆ ಮಾಡಿದ. ಹೆಂಡತಿಯ ದನಿ ಸಣ್ಣದಾಗುತ್ತ ಹೋಗಿ ಪೂರ್ತಿ ನಿಂತಿತು. ಬೀದಿಯ ಗಾಳಿ, ದೂರದಲ್ಲೆಲ್ಲೋ ಒಂದು ಸೈಕಲ್ ಗಂಟೆ, ಅಷ್ಟೇ. ಅವನು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಬಿಟ್ಟ.

ಟಿಕೆಟ್ ಕಿಟಕಿಯಾಕೆ ಆ ಓರೆ ಕತ್ತನ್ನು ನೋಡಿದಳು. ಮುಲಾಮಿನ ಡಬ್ಬಿ ಎತ್ತಿಕೊಂಡು, ತೋಳು ಮಡಚುತ್ತ, ಹೊರಗೆ ಬಂದಳು.